ಎಡಗೈ ಗಂಟು

ಬ್ಯಾಡಗಿ ಪ್ಯಾಟಿ. ದಲಾಲಿ ಅಂಗಡಿ.
ಏಣಿ ಮ್ಯಾಲ ನಾನು, ಏಣಿ ಬುಡಕ ಕರಬಸ್ಯಾ.
ಮೊದಲ ಸೀನು ಮುಗೀಲಿ ಅಂತ ಕಾಯ್ತೀವಿ ಇಬ್ಬರೂ,
ಇಲ್ಲಿ ಸೀನದ ಯಾವ ಕೆಲಸಾನೂ ಸುರು ಆಗೂದಿಲ್ಲ.

ಇಪ್ಪತ್ತೆರಡು ವರ್ಷದ ಮೆಣಸಿನಕಾಯಿ ಧೂಳು
ಒಂದೊಂದು ವಾಯರಿನ ಮೈಗೂ ಅಂಟೈತಿ.
ಕರೀದೂ ಕೆಂಪು, ಹಸರೂ ಕೆಂಪು,
ಕೆಂಪಂತೂ ಹ್ಯಾಂಗೂ ಕೆಂಪ.
ಅರಿವಿ ತಗೊಂಡು ಒರಸಿದ್ರ ಅಷ್ಟ ಗೊತ್ತು
ಯಾವುದರಾಗ ಜೀವ ಐತಿ, ಯಾವುದು ಸುಮ್ಮನ ಜೋತಬಿದ್ದೈತಿ.
ಒರಸಿದಮ್ಯಾಲೂ ನಂಬಂಗಿಲ್ಲ:
ಹಸರಿನಾಗ ಫೇಸ್ ಬಿಟ್ಟಾರ,
ಭೂಮಿಗೆ ಹೋಗಬೇಕಾದದ್ದು ಫ್ಯಾನಿಗೆ ಹೊಂಟೈತಿ.

ಮುರಿಗೆಪ್ಪ ಸಾವುಕಾರರು ಗಾದಿ ಮ್ಯಾಲಿಂದ ಅಂತಾರ,
"ಬರೇ ಒಂದು ಬಲ್ಬ್ ಪಕಪಕ ಅಂತೈತಿ, ರಾಜೇಸಾಬ,
ಅಷ್ಟ ನೋಡಿ ಇಳದಬಿಡು. ಟೆಂಡರ್ ಟೈಮ್ ಆತು."

ಬಲ್ಬಿನ ಬೆನ್ನ ಹತ್ತಿ ಹ್ವಾದೆ.
ಅದರ ವಾಯರು ಫ್ರಿಜ್ಜಿನ ಹಿಂದ ಹಾಯ್ದು
ಚೀಲಾ ಹೊಲಿಯೋ ಮಷೀನಿನ ಸಂಗಾಟ ನಂಟಸ್ತಾನ ಬೆಳಸಿ
ಗ್ವಾಡಿ ತೂತಿನ್ಯಾಗ ಪಾರಾಗಿ
ಬಾಜೂ ಗೊಬ್ಬರದ ಅಂಗಡ್ಯವರ ನ್ಯೂಟ್ರಲ್ ಕೈಗಡ ಇಸಗೊಂಡೈತಿ.
ಇಬ್ಬರೂ ಸಾವುಕಾರರು ಆರು ವರ್ಷದಿಂದ ಮಾತು ಬಿಟ್ಟಾರ.
ಕರೆಂಟ್ ಬಿಟ್ಟಿಲ್ಲ.

ಫ್ಯೂಸ್ ತಗದೆ. ಒಳಗ ಮೂರಿಂಚ ಮೊಳಿ.
"ಪದೇಪದೇ ಹೋಗತಿತ್ತು," ಅಂದ್ರು ಗುಮಾಸ್ತರು,
"ಮೊಳಿ ಹಾಕಿದಮ್ಯಾಲ ಒಮ್ಮೆನೂ ಹೋಗಿಲ್ಲ ನೋಡ."
ಖರೆ ಅದು. ಇನ್ನ ಫ್ಯೂಸ್ ಹೋಗೂದಿಲ್ಲ.
ಹೋದ್ರ ಅಂಗಡಿನ.

ಕಟ್ಟಿ ಮ್ಯಾಲ ತೊಟ್ಟು ಬಿಡಸೋ ಹೆಣ್ಮಕ್ಕಳು.
ದ್ಯಾಮವ್ವ, ಕೈ ನಿಲ್ಲಸದ, ಹೇಳತಾಳ:
"ಎಡಗಡೆ ಶಟರ್ ಮಳಿಗಾಲದಾಗ ಕಚ್ಚತೈತಿ.
ಮೂರನೇ ಕಂಬ ಜುಮ್ ಅಂತೈತಿ, ಬರಿಗಾಲಿದ್ರ ಅಷ್ಟ.
ನಳ ಮುಂಜಾನೆ ಪಾಪದ್ದು,
ತೂಕದ ಮಷೀನ್ ಚಾಲೂ ಆತಂದ್ರ ಮುಟ್ಟಬ್ಯಾಡ."
ಶಟರಿನ ಹಿಡಿಕಿಗೆ ಹಳೇ ಇಳಕಲ್ ಸೀರಿ ಅಂಚು ಸುತ್ಯಾರ.
ಕಂಬಕ್ಕ ಹರಕ ಚಪ್ಪಲಿ ಕಟ್ಯಾರ.
ಹೊಸಾ ಹುಡಿಗ್ಯಾರು ಬಂದ್ರ
ತೊಟ್ಟು ಮುರಿಯೂದು ಆಮ್ಯಾಲ, ಮೊದಲ ಈ ಪಾಠ.

ನನ್ನ ಕಿಸೇದಾಗೂ ಒಂದು ನಕ್ಷೆ ಐತಿ, ಸಿಕ್ಕಾ ಬಡದದ್ದು.
ಅದರಾಗಿನ ಗೆರಿ ಒಂದೂ ಗ್ವಾಡ್ಯಾಗ ಸಿಗಲಿಲ್ಲ.
ದ್ಯಾಮವ್ವ ಹೇಳಿದ್ದು ಒಂದೂ ತಪ್ಪಲಿಲ್ಲ.
ಕಾಗದ ಹೊರಳಿಸಿ, ಹಿಂದ, ಆಕಿ ಮಾತು ಬರಕೊಂಡೆ.

ಆಮ್ಯಾಲ ಶಟರಿನ ಮ್ಯಾಲಿನ ಕಟ್ಟಿಗಿ ಪಟ್ಟಿ ಬಿಚ್ಚಿದೆ.
ಜಾಯಿಂಟಿಗೆ ಟೇಪ್ ಇಲ್ಲ,
ಗಾಯಕ್ಕ ಹಚ್ಚತಾರಲ್ಲ, ಅಂಥಾ ಪಟ್ಟಿ,
ಒಣಗಿ, ಬಾಯಿಬಿಟ್ಟು, ಕಬ್ಬಿಣಕ್ಕ ತಾಗಿ ಕುಂತೈತಿ.
"ಯಾವ ಮಗಾ ಮಾಡಿದ್ನೋ ಇದನ್ನ!
ನೋಡೋ ಕರಬಸ್ಯಾ, ಹಿಂಗ ಎಂದೂ—"
ಪಟ್ಟಿ ಸುಲದೆ.
ತಾಮ್ರ ತಿರುವಿದ್ದು ಎಡಕ್ಕ.

ಊರಾಗ ಎಲ್ಲಾರೂ ಬಲಕ್ಕ ತಿರುವತಾರ.

ಹದಿನಾರು ವರ್ಷದ ಒಬ್ಬ ಹುಡುಗ.
ಉಸ್ತಾದರು ನಮಾಜಿಗೆ ಹೋಗ್ಯಾರ.
ಟೇಪಿಗೆ ಅಂತ ಕೊಟ್ಟ ಐದು ರೂಪಾಯಿ
ಸಂತಿ ಮೂಲ್ಯಾಗ ಗಿರಮಿಟ್ಟು, ಮಿರ್ಚಿ ಆಗೈತಿ.
ಕೊಯ್ಕೊಂಡ ಬೆರಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ
ಗಂಟಿಗೆ ಸುತ್ತಿ, ಮುಚ್ಚಿ, ಇಳದ.
ಸಂಜಿಗೆ ಬಲ್ಬ್ ಹತ್ತೇತಿ.
ಸಾವುಕಾರರು ಬೆನ್ನ ಚಪ್ಪರಸ್ಯಾರ,
"ಕೈ ಚುರುಕ ಐತಿ ಹುಡುಗಂದು."

ಮೆಣಸಿನಕಾಯಿ ಮುಟ್ಟಿದ ಕೈ ಆಗಿಂದಾಗ ಉರಿಯೂದಿಲ್ಲ.
ಆ ಸೀರಿ ಅಂಚಿನ ಬಣ್ಣ ನೋಡಿದ್ರ
ದ್ಯಾಮವ್ವ ಅದನ್ನ ಸುತ್ತಿ ಭಾಳ ವರ್ಷ ಆಗಿರಬೇಕು.
ಅದಕ್ಕೂ ಮೊದಲ ಎಷ್ಟು ಸಲಾ ಕಚ್ಚಿತ್ತೋ, ಕೇಳಲಿಲ್ಲ.

"ಮೇನ್ ಇಳಸು," ಅಂದೆ.
ಫ್ಯಾನು ನಿಂತು, ತೂಕದ ಅಂಕಿ ಆರಿ, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾತು.
ಗೊಬ್ಬರದ ಅಂಗಡ್ಯಾಗೂ ಯಾರೋ "ಏ!" ಅಂದ್ರು.
"ಟೆಂಡರ್ ಐತಿ ಮಾರಾಯಾ!" ಅಂತ ಎದ್ದ ನಿಂತ ಸಾವುಕಾರರು
ನನ್ನ ಮಾರಿ ನೋಡಿ ದನಿ ಇಳಿಸಿದ್ರು.
"ಯಾರದಪಾ ಆ ಕೆಲಸ?"

ಕಟ್ಟಿ ಮ್ಯಾಲ ತೊಟ್ಟು ಮುರಿಯೋ ಸಪ್ಪಳ ನಿಂತೈತಿ.
"ಹಳೇದ್ರಿ," ಅಂದೆ. "ಯಾರೋ ಕಲಿಯೋ ಹುಡುಗ."

ಕರಬಸ್ಯಾ ಏಣಿ ಬಿಟ್ಟಿಲ್ಲ.
ಟೆಸ್ಟರ್ ಹಿಡದ ನನ್ನ ಕೈ ನೋಡಾಕತ್ಯಾನ.